ಡ್ರೈಯರ್ ಗುಡುಗುತ್ತಿದೆಯೇ? ಡ್ರಮ್ಮಿನ ಕೆಳಗಿನ ಎರಡು ಪುಟ್ಟ ಚಕ್ರಗಳನ್ನು ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಮಾತನ್ನು ಚಿಕ್ಕದು ಮಾಡಲಾಗಿದೆ.)

ಇವತ್ತಿನ ಸಂಚಿಕೆ ಸ್ವಲ್ಪ ಗಲಾಟೆಯದ್ದು. ರಾಜಕೀಯದ ಗಲಾಟೆ ಅಲ್ಲ, ನಮ್ಮ ಮನೆ ಬೇಸ್‌ಮೆಂಟಿನ ಗಲಾಟೆ.

ನಾನು ಇರೋದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯ್ಟ್ ಪಕ್ಕದ ಒಂದು ಊರಲ್ಲಿ. ಜನವರಿ ತಿಂಗಳು. ಹೊರಗೆ ಒದ್ದೆ ಬಟ್ಟೆ ಹಾಕಿದರೆ ಒಣಗುವುದಿಲ್ಲ, ಹಪ್ಪಳದ ಹಾಗೆ ಗಟ್ಟಿಯಾಗಿ ನಿಂತುಬಿಡುತ್ತದೆ. ಹಾಗಾಗಿ ಇಲ್ಲಿ ಡ್ರೈಯರ್ ಅನ್ನೋದು ಐಷಾರಾಮಿ ಅಲ್ಲ, ಒಲೆ ಇದ್ದ ಹಾಗೆ. ನಮ್ಮ ಮನೆಯಲ್ಲಿ ಆಗ ಆರು ವಾರದ ಕೂಸು. ಬಾಣಂತನಕ್ಕೆ ಅಂತ ಅತ್ತೆ ಊರಿಂದ ಬಂದಿದ್ದರು. ಅವರದ್ದು ಬಟ್ಟೆ ಲಂಗೋಟಿಯೇ ಆಗಬೇಕು, ದಿನಾ ಎಣ್ಣೆ ನೀರು ಆಗಬೇಕು ಅನ್ನೋ ಕಟ್ಟುನಿಟ್ಟು. ವಾರಕ್ಕೆ ಮೂರು ಸಲ ಓಡುತ್ತಿದ್ದ ಡ್ರೈಯರ್ ದಿನಕ್ಕೆರಡು ಸಲ ಓಡಲು ಶುರುವಾಯಿತು. ಎರಡನೇ ವಾರಕ್ಕೆ ಅದು ಗುಡುಗತೊಡಗಿತು.

ಗುಡುಗು ಅಂದ್ರೆ ನಿಜಕ್ಕೂ ಗುಡುಗೇ. ಬೇಸ್‌ಮೆಂಟಿನಲ್ಲಿ ಯಂತ್ರ, ಮೇಲೆ ಮಗು ಮಲಗೋ ಕೋಣೆ. ಅತ್ತೆ ಒಂದು ದಿನ ಮೆಟ್ಟಿಲ ಮೇಲೆ ನಿಂತು, “ಏನ್ರೀ ಅದು, ಮಗು ಬೆಚ್ಚಿ ಬೀಳ್ತಾ ಇದೆ, ಸ್ವಲ್ಪ ನೋಡಬಾರ್ದಾ?” ಅಂದರು. ಅಳಿಯನಿಗೆ ಅಷ್ಟು ಹೇಳಿದರೆ ಸಾಕಲ್ಲ. ನೋಡಿದೆ. ಏನೂ ತಿಳಿಯಲಿಲ್ಲ. ರಿಪೇರಿಯವರನ್ನು ಕರೆಸಿದೆ. ಬಂದು ನೋಡೋದಕ್ಕೇ 100 ಡಾಲರ್ ಹತ್ತಿರ. ಐದು ನಿಮಿಷ ಓಡಿಸಿ ಕೇಳಿ, “ಹಳೇ ಯಂತ್ರ, ಇದಕ್ಕೆ ದುಡ್ಡು ಹಾಕೋ ಬದಲು ಹೊಸದು ತಗೊಳ್ಳಿ” ಅಂದು ಹೋದರು. ಅವರ ಲೆಕ್ಕ ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಒಂದೂವರೆ ಗಂಟೆ ಕೆಲಸ, ಬಿಡಿಭಾಗ, ಓಡಾಟ ಎಲ್ಲ ಸೇರಿದರೆ ಹೊಸ ಯಂತ್ರದ ಅರ್ಧ ಬೆಲೆ ಆಗೇ ಆಗುತ್ತೆ. ಆದರೆ ನಮ್ಮ ಪರಿಸ್ಥಿತಿ ಬೇರೆ ಇತ್ತು. ಹೆರಿಗೆ ಅಂತ ಇಲ್ಲಿನ ಫೆಡರಲ್ ಕಾನೂನು ಕೊಡೋ 12 ವಾರದ ರಜೆಗೆ ಸಂಬಳ ಇರಲ್ಲ. ನನ್ನ ಹೆಂಡತಿ ಆ ರಜೆಯಲ್ಲಿದ್ದಳು. ಆ ತಿಂಗಳು ಆರೇಳು ನೂರು ಡಾಲರ್ ಎತ್ತಿಡೋದು ಸುಲಭ ಇರಲಿಲ್ಲ.

ಆ ರಾತ್ರಿ ಹಿರಿಯೂರಿಗೆ ವಾಟ್ಸಾಪ್ ಕಾಲ್ ಮಾಡಿದ್ದೆ. ಅಪ್ಪ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಮಾತಿನ ಮಧ್ಯೆ ಸುಮ್ಮನಾದರು.

“ಏನೋ ಅದು ಹಿಂದ್ಗಡೆ ಸದ್ದು? ಮನೇಲಿ ಗಿರಣಿ ಇಟ್ಟಿದ್ದೀಯಾ?”

ಬಟ್ಟೆ ಒಣಗಿಸೋ ಯಂತ್ರ ಅಪ್ಪ ಅಂದೆ. ಫೋನ್ ಅದರ ಹತ್ರ ಹಿಡಿ ಅಂದರು. ಹಿಡಿದೆ. ಆಮೇಲೆ ಪ್ರಶ್ನೆ ಶುರು. ಬಟ್ಟೆ ತುಂಬಿದಾಗ ಜಾಸ್ತಿ ಆಗುತ್ತಾ? ಖಾಲಿ ಓಡಿಸಿದ್ರೆ ಹೆಂಗೆ? ಶುರುವಿಗೆ ಬಂದು ನಿಲ್ಲುತ್ತಾ, ಕೊನೇವರೆಗೂ ಇರುತ್ತಾ? ಖಾಲಿ ಓಡಿಸಿ ತೋರಿಸಿದೆ. ಸದ್ದು ಸ್ವಲ್ಪ ಕಮ್ಮಿ ಆಯ್ತೇ ಹೊರತು ನಿಲ್ಲಲಿಲ್ಲ.

“ಇದು ಮೋಟಾರ್ ಅಲ್ಲ ಕಣೋ. ಮೋಟಾರ್ ಬೇರಿಂಗ್ ಹೋದ್ರೆ ಕೀರಲು ಬರುತ್ತೆ, ಒಂದೇ ಸಮ. ಇದು ಹೆಜ್ಜೆ ಹಾಕ್ದಂಗೆ ಬರ್ತಾ ಇದೆ. ಅದರ ಹೊಟ್ಟೆ ಯಾವುದರ ಮೇಲೆ ಕೂತಿದೆ, ಅದನ್ನ ನೋಡು.”

ಹೊಟ್ಟೆ ಯಾವುದರ ಮೇಲೆ ಕೂತಿದೆ ಅನ್ನೋದನ್ನ ನಾನು ಅಲ್ಲಿಯವರೆಗೆ ಯೋಚನೆಯೇ ಮಾಡಿರಲಿಲ್ಲ. ನೀವೂ ಬಹುಶಃ ಮಾಡಿರಲ್ಲ. ಅದಕ್ಕೇ ಮೊದಲು ಯಂತ್ರದ ಒಳಗೆ ಏನಿದೆ ಅಂತ ಹೇಳಿಬಿಡ್ತೀನಿ.

ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾಗಿ ಸಿಗೋ ಡ್ರೈಯರ್ ತುಂಬಾ ಸರಳ ಯಂತ್ರ. ಒಂದು ತಗಡಿನ ಪೆಟ್ಟಿಗೆ. ಒಳಗೆ ಸುಮಾರು 27 ಇಂಚು ಅಗಲದ ಡ್ರಮ್ಮು. ಕೆಳಗೆ ಮೂರನೇ ಒಂದು ಹಾರ್ಸ್‌ಪವರಿನ ಒಂದು ಮೋಟಾರು. ಆ ಒಂದೇ ಮೋಟಾರು ಎರಡು ಕೆಲಸ ಮಾಡುತ್ತೆ: ಒಂದು ತುದಿಯಲ್ಲಿ ಫ್ಯಾನು, ಇನ್ನೊಂದು ತುದಿಯಲ್ಲಿ ಪುಟ್ಟ ಪುಲ್ಲಿ. ಆ ಪುಲ್ಲಿಯಿಂದ ಒಂದು ತೆಳ್ಳನೆ ಬೆಲ್ಟು ಹೊರಟು ಇಡೀ ಡ್ರಮ್ಮಿನ ಸೊಂಟ ಸುತ್ತಿ ವಾಪಸ್ ಬರುತ್ತೆ. ಬೆಲ್ಟು ಸಡಿಲ ಆಗದ ಹಾಗೆ ಸ್ಪ್ರಿಂಗಿನಿಂದ ಒತ್ತಿ ಹಿಡಿಯೋ ಇನ್ನೊಂದು ಪುಲ್ಲಿ ಇದೆ, ಅದನ್ನು ಇಲ್ಲಿ ಐಡ್ಲರ್ ಅಂತಾರೆ. ಮೋಟಾರು ನಿಮಿಷಕ್ಕೆ 1725 ಸುತ್ತು, ಡ್ರಮ್ಮು ಸುಮಾರು 50 ಸುತ್ತು. (ಅಪ್ಪನಿಗೆ ಈ 1725 ಕೇಳಿ ಆಶ್ಚರ್ಯ. ನಮ್ಮ ಗಿರಣಿ ಮೋಟಾರಿನ ಮೇಲೆ 1440 ಅಂತ ಬರೆದಿತ್ತು. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಇಲ್ಲಿ 60, ಅದಕ್ಕೇ ಈ ವ್ಯತ್ಯಾಸ.)

ಈಗ ಹೊಟ್ಟೆಯ ವಿಷಯ. ಡ್ರಮ್ಮಿಗೆ ಮಧ್ಯದಲ್ಲಿ ಅಚ್ಚು ಇಲ್ಲ. ನನ್ನದರಂಥ ಯಂತ್ರಗಳಲ್ಲಿ ಹಿಂದಿನ ಅಂಚು ಎರಡು ರಬ್ಬರ್ ಚಕ್ರಗಳ ಮೇಲೆ ಕೂತಿರುತ್ತೆ. ಮುಂದಿನ ಅಂಚು ಬಾಗಿಲ ಸುತ್ತಲಿನ ತಗಡಿನ ಮೇಲೆ, ಫೆಲ್ಟಿನ ದಪ್ಪ ಪಟ್ಟಿಯ ಮೇಲೆ ಜಾರುತ್ತೆ. ಕೆಲವು ಮಾದರಿಗಳಲ್ಲಿ ಮುಂದೆ ಎರಡು, ಹಿಂದೆ ಎರಡು ಅಂತ ನಾಲ್ಕು ಚಕ್ರ. ಇನ್ನು ಕೆಲವದರಲ್ಲಿ ಚಕ್ರವೇ ಇಲ್ಲ, ಹಿಂದೆ ಒಂದು ಬೇರಿಂಗು, ಮುಂದೆ ಪ್ಲಾಸ್ಟಿಕ್ಕಿನ ಜಾರುಪಟ್ಟಿ. ನಾನು ಇವತ್ತು ಹೇಳೋದು ಚಕ್ರ ಇರೋ ಯಂತ್ರದ ಕಥೆ. ಈ ಚಕ್ರಗಳಿಗೇ ಡ್ರಮ್ ರೋಲರ್ ಅನ್ನೋದು. ಗಾತ್ರ ಸುಮಾರು 3 ಇಂಚು. ಅಂಗೈಯಲ್ಲಿ ಹಿಡಿಯಬಹುದು.

ಒಂದು ಲೆಕ್ಕ ಹಾಕಿ ನೋಡಿ. 27 ಇಂಚಿನ ಡ್ರಮ್ಮು ಒಂದು ಸುತ್ತು ಬಂದರೆ 3 ಇಂಚಿನ ಚಕ್ರ ಒಂಬತ್ತು ಸುತ್ತು ಬರಬೇಕು. ಅಂದ್ರೆ ನಿಮಿಷಕ್ಕೆ 450. ಒಂದು ಸಲ ಬಟ್ಟೆ ಒಣಗಿಸೋಕೆ 45 ನಿಮಿಷ ಅಂದ್ರೆ 20 ಸಾವಿರ ಸುತ್ತು. ವಾರಕ್ಕೆ ಐದು ಸಲ ಅಂದ್ರೆ ಒಂದು ಲಕ್ಷ. ಹತ್ತು ವರ್ಷಕ್ಕೆ ಐದು ಕೋಟಿ ಸುತ್ತಿನ ಮೇಲಾಯ್ತು. ಅದೂ ಒದ್ದೆ ಬಟ್ಟೆಯ ಭಾರ ಹೊತ್ತು, ಬಿಸಿಯಲ್ಲಿ, ದೂಳಲ್ಲಿ. ಸವೆದಿದೆ ಅಂತ ಬೈಯೋದಕ್ಕಿಂತ ಇಷ್ಟು ದಿನ ಬಂತಲ್ಲ ಅಂತ ಕೈ ಮುಗಿಯಬೇಕು.

ಈ ಲೆಕ್ಕ ಸದ್ದು ಗುರುತಿಸೋಕೂ ಬೇಕಾಗುತ್ತೆ. ರಬ್ಬರಿನಲ್ಲಿ ಒಂದು ಕಡೆ ಚಪ್ಪಟೆ ಆಗಿದ್ದರೆ ಅಥವಾ ತುಂಡು ಕಿತ್ತು ಹೋಗಿದ್ದರೆ ಸೆಕೆಂಡಿಗೆ ಏಳೆಂಟು ಸಲ ತಟ್ಟುತ್ತೆ, ದಡದಡದಡ ಅಂತ. ಅದೇ ಸೆಕೆಂಡಿಗೆ ಹೆಚ್ಚುಕಮ್ಮಿ ಒಂದೇ ಸಲ ದಬ್, ದಬ್ ಅಂದರೆ ಅದು ಡ್ರಮ್ಮಿನದ್ದೋ ಬೆಲ್ಟಿನದ್ದೋ ಆಗಿರುತ್ತೆ, ಯಾಕಂದ್ರೆ ಅವು ಸುತ್ತೋ ವೇಗ ಅಷ್ಟೇ. ಕಿರ್ರ್ ಅನ್ನೋ ಕೀರಲು ಬಂದರೆ ಐಡ್ಲರ್ ಪುಲ್ಲಿಯ ಮೇಲೆ ಅನುಮಾನ ಪಡಿ, ಆದರೆ ಒಣಗಿದ ರೋಲರ್ ಕೂಡ ಹೀಗೆ ಕೂಗುತ್ತೆ. ಇನ್ನೊಂದು: ತಣ್ಣಗಿನ ಬೇಸ್‌ಮೆಂಟಿನಲ್ಲಿ ಬಹಳ ದಿನ ನಿಂತ ಯಂತ್ರ ಮೊದಲ ಎರಡು ಮೂರು ನಿಮಿಷ ದಡದಡ ಅಂದು ಆಮೇಲೆ ಸುಮ್ಮನಾದರೆ ಹೆದರಬೇಡಿ. ಒಂದೇ ಕಡೆ ಭಾರ ಬಿದ್ದು ರಬ್ಬರ್ ಸ್ವಲ್ಪ ಚಪ್ಪಟೆ ಆಗಿರುತ್ತೆ, ಬಿಸಿಯಾದಾಗ ಸರಿಹೋಗುತ್ತೆ. ಕೊನೆವರೆಗೂ ನಿಲ್ಲದಿದ್ದರೆ ಮಾತ್ರ ಬಿಚ್ಚುವ ಕಾಲ ಬಂತು ಅಂತ.

ಬಿಚ್ಚದೆ ಹಾಗೇ ಓಡಿಸಿದರೆ ಏನಾಗುತ್ತೆ? ಓಡುತ್ತೆ, ತಿಂಗಳುಗಟ್ಟಲೆ ಓಡುತ್ತೆ. ಅದೇ ತೊಂದರೆ. ಚಕ್ರದ ಒಳಗಿನ ತೂತು ಸವೆದು ದೊಡ್ಡದಾಗುತ್ತೆ, ಚಕ್ರ ಓಲಾಡುತ್ತೆ, ಕಬ್ಬಿಣದ ಶಾಫ್ಟನ್ನು ತಿನ್ನುತ್ತೆ. ಡ್ರಮ್ಮು ಕೆಲವು ಮಿಲಿಮೀಟರ್ ಕೆಳಗೆ ಕೂರುತ್ತೆ. ಆಗ ಫೆಲ್ಟ್ ಪಟ್ಟಿ ಒಂದು ಕಡೆ ಉಜ್ಜಿ ಹರಿಯುತ್ತೆ, ಇನ್ನೊಂದು ಕಡೆ ಸಂದು ಬೀಳುತ್ತೆ. ಆ ಸಂದಿನಲ್ಲಿ ಮಗುವಿನ ಬಟ್ಟೆಯಂಥ ಸಣ್ಣ ಬಟ್ಟೆ ಸಿಕ್ಕಿ ಕಪ್ಪು ಗೆರೆ ಮೂಡುತ್ತೆ. ಬಟ್ಟೆಯಿಂದ ಉದುರುವ ಹತ್ತಿಯಂಥ ನಾರು, ಇಲ್ಲಿ ಲಿಂಟ್ ಅಂತಾರಲ್ಲ, ಅದು ಪೆಟ್ಟಿಗೆಯ ಒಳಗೆ, ಹೀಟರ್ ಇರೋ ಕಡೆ ಸೇರಿಕೊಳ್ಳುತ್ತೆ. ನಮ್ಮನೆ ಅಂಗಿಗಳ ಮೇಲೆ ಕಪ್ಪು ಗೆರೆ ಎರಡು ತಿಂಗಳಿಂದ ಕಾಣುತ್ತಿತ್ತು. ಸೋಪಿನ ತಪ್ಪು ಅಂದುಕೊಂಡು ಸೋಪು ಬದಲಾಯಿಸಿದ್ದೆವು!

ಸರಿ, ಬಿಡಿಭಾಗ. ಬಾಗಿಲು ತೆಗೆದರೆ ಅಂಚಿನಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ, ಅದರಲ್ಲಿ ಮಾದರಿ ಸಂಖ್ಯೆ ಇರುತ್ತೆ. ಅದನ್ನು ಪೂರ್ತಿ, ಒಂದಕ್ಷರ ಬಿಡದೆ ಬರೆದುಕೊಳ್ಳಿ. ಆ ಸಂಖ್ಯೆ ಹಾಕಿ ಹುಡುಕಿ, ಚಿತ್ರ ನೋಡಿ ಅಲ್ಲ. ನೋಡೋಕೆ ಒಂದೇ ಥರ ಇರೋ ಚಕ್ರಗಳ ತೂತಿನ ಅಳತೆ ಬೇರೆ ಇರುತ್ತೆ. ನಾನು ಎರಡು ರೋಲರ್, ಅವನ್ನು ಹಿಡಿಯೋ ಕ್ಲಿಪ್ಪು, ಬೆಲ್ಟು, ಐಡ್ಲರ್ ಪುಲ್ಲಿ ಎಲ್ಲ ಇರೋ ಒಂದು ಕಿಟ್ ತರಿಸಿದೆ, 28 ಡಾಲರ್. ಕೆಟ್ಟಿದ್ದು ರೋಲರ್ ಮಾತ್ರ, ಬೆಲ್ಟು ಯಾಕೆ ಅಂತ ನೀವು ಕೇಳಬಹುದು. ಬೆಲ್ಟಿಗೂ ಅಷ್ಟೇ ವಯಸ್ಸಾಗಿದೆ, ಅದನ್ನು ಮುಟ್ಟಬೇಕಾದರೂ ಇದೇ ಡ್ರಮ್ಮನ್ನು ಹೊರಗೆ ತೆಗೀಬೇಕು. ಎರಡು ಸಲ ಯಾಕೆ ಒದ್ದಾಡೋದು. ರೋಲರ್ ಅಂತೂ ಒಂದನ್ನೇ ಬದಲಾಯಿಸಬೇಡಿ. ಹೊಸದು ಎತ್ತರ, ಹಳೇದು ಗಿಡ್ಡ ಆದ್ರೆ ಡ್ರಮ್ಮು ವಾಲುತ್ತೆ.

ಕಿಟ್ ಬರೋಕೆ ಮೂರು ದಿನ ಹಿಡೀತು. ಆ ಮೂರು ದಿನ ಬೇಸ್‌ಮೆಂಟಿನಲ್ಲಿ ಹಗ್ಗ ಕಟ್ಟಿ ಲಂಗೋಟಿ ಒಣಹಾಕಿದ್ದು, ಎರಡು ದಿನವಾದರೂ ಒಣಗದೆ ಮುಗ್ಗಲು ವಾಸನೆ ಬಂದಿದ್ದು, ಅತ್ತೆ ಹೀಟರಿನ ಗಾಳಿ ಬರೋ ತೂತಿನ ಮುಂದೆ ಕುರ್ಚಿ ಇಟ್ಟು ಅದರ ಮೇಲೆ ಹರವಿದ್ದು, ಅದೆಲ್ಲ ಇನ್ನೊಂದು ಸಂಚಿಕೆ ಆಗುತ್ತೆ.

ಬಿಚ್ಚುವ ಮೊದಲು ಕರೆಂಟು. ಇದನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಇಲ್ಲಿನ ಮನೆಗಳ ಮಾಮೂಲಿ ಪ್ಲಗ್ಗು 120 ವೋಲ್ಟ್. ಆದರೆ ಎಲೆಕ್ಟ್ರಿಕ್ ಡ್ರೈಯರಿಗೆ 240 ವೋಲ್ಟ್, 30 ಆಂಪಿಯರಿನ ಬೇರೆ ಲೈನು. ಒಳಗೆ ಹೀಟರು 240ರಲ್ಲಿ ಓಡುತ್ತೆ, ಮೋಟಾರು 120ರಲ್ಲಿ. ಅದಕ್ಕೇ ಒಂದು ಲೈನು ಮಾತ್ರ ಹೋದಾಗ ಡ್ರಮ್ಮು ತಿರುಗುತ್ತೆ, ಬಿಸಿ ಮಾತ್ರ ಆಗಲ್ಲ. ಗುಂಡಿ ಒತ್ತಿ ಆಫ್ ಮಾಡಿದರೆ ಸಾಲದು. ಬಾಗಿಲು ತೆಗೆದಿದ್ದೀನಲ್ಲ ಅನ್ನೋದೂ ಸಾಲದು. ಪ್ಲಗ್ಗನ್ನೇ ಗೋಡೆಯಿಂದ ಕಿತ್ತು, ಕಣ್ಣಿಗೆ ಕಾಣೋ ಹಾಗೆ ಯಂತ್ರದ ಮೇಲೆ ಇಟ್ಟುಕೊಳ್ಳಿ. ನಿಮ್ಮದು ಗ್ಯಾಸ್ ಡ್ರೈಯರ್ ಆಗಿದ್ದರೆ ಗ್ಯಾಸಿನ ಕೊಳಾಯಿಯನ್ನೂ ತಿರುಗಿಸಿ ಮುಚ್ಚಬೇಕು, ಯಂತ್ರವನ್ನು ಎಳೆದಾಡಬಾರದು. ಗ್ಯಾಸಿನ ಪೈಪು ಬಿಚ್ಚಬೇಕಾದ ಪರಿಸ್ಥಿತಿ ಬಂದರೆ ಅಲ್ಲಿಗೆ ನಿಲ್ಲಿಸಿ ತಿಳಿದವರನ್ನು ಕರೆಸಿ. ಇನ್ನೊಂದು, ಕೈಗವಸು. ಕೈ ಮುಟ್ಟುವ ಹೊರಗಿನ ಅಂಚುಗಳನ್ನು ನಯ ಮಾಡಿರುತ್ತಾರೆ, ಒಳಗಿನ ತಗಡಿನ ಅಂಚು ಬ್ಲೇಡಿನ ಹಾಗೇ ಇರುತ್ತೆ. ನನ್ನ ಬಲಗೈ ಹೆಬ್ಬೆರಳಿನ ಮೇಲೆ ಇವತ್ತಿಗೂ ಗುರುತಿದೆ.

ಬಿಚ್ಚುವ ಕ್ರಮ ಮಾದರಿಯಿಂದ ಮಾದರಿಗೆ ಬೇರೆ. ನನ್ನದರಲ್ಲಿ ಲಿಂಟ್ ಜಾಲರಿ ಯಂತ್ರದ ತಲೆಯ ಮೇಲೆ ಇದೆ. ಜಾಲರಿ ಎತ್ತಿದರೆ ಅದರ ಬಾಯಲ್ಲಿ ಎರಡು ಸ್ಕ್ರೂ. ಅವನ್ನು ತೆಗೆದು, ಪೇಂಟರ್‌ಗಳು ಪುಟ್ಟಿ ಹಚ್ಚೋ ಚಪ್ಪಟೆ ಪಟ್ಟಿಯನ್ನು ಮುಂದಿನ ಮೂಲೆಗಳ ಸಂದಿಗೆ ತೂರಿಸಿ ಒತ್ತಿದರೆ ಟಪ್ ಅಂತ ಕ್ಲಿಪ್ಪು ಬಿಡುತ್ತೆ. ಆಮೇಲೆ ಮೇಲಿನ ತಗಡು ಕಾರಿನ ಬಾನೆಟ್ಟಿನ ಹಾಗೆ ಹಿಂದಕ್ಕೆ ಏಳುತ್ತೆ. ಬಾಗಿಲ ಸ್ವಿಚ್ಚಿನ ವೈರು ಅಲ್ಲೇ ಕಾಣುತ್ತೆ, ಬಿಡಿಸಿ. ಬಿಡಿಸೋ ಮೊದಲು ಫೋಟೋ ತೆಗೆದುಕೊಳ್ಳಿ. ಪ್ರತಿ ಹೆಜ್ಜೆಗೂ ಒಂದು ಫೋಟೋ. ನಾನು ಮೂವತ್ತು ತೆಗೆದೆ, ಬೇಕಾಗಿದ್ದ ಒಂದನ್ನು ಮಾತ್ರ ತೆಗೆದಿರಲಿಲ್ಲ, ಅದನ್ನು ಮುಂದೆ ಹೇಳ್ತೀನಿ.

ಮುಂದಿನ ತಗಡನ್ನು ಒಳಗಿನಿಂದ ಎರಡು ಸ್ಕ್ರೂ ಹಿಡಿದಿರುತ್ತವೆ. ಅವನ್ನು ತೆಗೆಯುವಾಗ ಡ್ರಮ್ಮನ್ನು ಒಂದು ಕೈಯಲ್ಲಿ ಎತ್ತಿ ಹಿಡಿಯಬೇಕು, ಇಲ್ಲಾಂದ್ರೆ ಅದು ಮುಂದಕ್ಕೆ ಜಗ್ಗುತ್ತೆ. ಒಬ್ಬರೇ ಮಾಡಬಹುದು, ಇಬ್ಬರಿದ್ದರೆ ಸುಖ. ಆಮೇಲೆ ಕೆಳಗೆ ಕೈ ತೂರಿಸಿ, ಐಡ್ಲರನ್ನು ಮೋಟಾರಿನ ಕಡೆ ತಳ್ಳಿದರೆ ಬೆಲ್ಟು ಸಡಿಲ ಆಗಿ ಪುಲ್ಲಿಯಿಂದ ಜಾರುತ್ತೆ. ಬೆಲ್ಟನ್ನೇ ಹಿಡಿಕೆ ಮಾಡಿಕೊಂಡು ಡ್ರಮ್ಮನ್ನು ಹೊರಗೆ ಎಳೆದೆ. ಭಾರ ಏನಿಲ್ಲ, ಆದರೆ ಗಾತ್ರ ದೊಡ್ಡದು. ಎಲ್ಲಿಡೋದು ಅಂತ ಮೊದಲೇ ಜಾಗ ನೋಡಿಟ್ಟುಕೊಳ್ಳಿ.

ಡ್ರಮ್ಮು ಹೊರಗೆ ಬಂದಾಗ ನಾನು ಮೊದಲು ನೋಡಿದ್ದು ರೋಲರನ್ನಲ್ಲ.

ಪೆಟ್ಟಿಗೆಯ ತಳದಲ್ಲಿ ಬೂದು ಬಣ್ಣದ ಹಾಸಿಗೆ ಹಾಸಿದ ಹಾಗೆ ಲಿಂಟ್ ಬಿದ್ದಿತ್ತು. ಎರಡು ಇಂಚು ದಪ್ಪ. ಮೋಟಾರಿನ ಮೈಮೇಲೆ ಕಂಬಳಿ. ಹಿಂದೆ, ಹೀಟರಿನ ಪೆಟ್ಟಿಗೆಗೆ ಗಾಳಿ ಹೋಗೋ ಬಾಯಿಯ ಹತ್ತಿರ ಅದೇ ಲಿಂಟ್ ಬೂದು ಬಣ್ಣದಲ್ಲಿರಲಿಲ್ಲ, ಕಂದು ಬಣ್ಣಕ್ಕೆ ತಿರುಗಿತ್ತು. ಹುರಿದ ರವೆಯ ಬಣ್ಣ ಇರುತ್ತಲ್ಲ, ಹಾಗೆ. ಕೈಯಲ್ಲಿ ಹಿಡಿದರೆ ಪುಡಿಯಾಯ್ತು. ಒಂದೆರಡು ಕಡೆ ತುದಿ ಕರಿ.

ಪ್ರತಿ ಸಲ ಜಾಲರಿ ಶುಚಿ ಮಾಡ್ತಿದ್ದೆವು. ಅಷ್ಟು ಸಾಕು ಅಂದುಕೊಂಡಿದ್ದೆವು. ಆ ಮೇಲಿನ ಕೋಣೆಯಲ್ಲಿ ಮಗು ಮಲಗಿತ್ತು. ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಮೇಲೆ ಹೆಂಡತಿಯನ್ನು ಕರೆದು ತೋರಿಸಿದೆ. ಅವಳೂ ಏನೂ ಹೇಳಲಿಲ್ಲ, ಹೋಗಿ ವ್ಯಾಕ್ಯೂಮ್ ಕ್ಲೀನರ್ ತಂದುಕೊಟ್ಟಳು.

ಅಮೆರಿಕದ ಅಗ್ನಿಶಾಮಕ ಆಡಳಿತದ ಅಂದಾಜಿನ ಪ್ರಕಾರ 2008ರಿಂದ 2010ರವರೆಗಿನ ಅವಧಿಯಲ್ಲಿ ಮನೆಗಳಲ್ಲಿ ಡ್ರೈಯರಿನಿಂದ ವರ್ಷಕ್ಕೆ ಸುಮಾರು 2,900 ಬೆಂಕಿ ಅನಾಹುತ ವರದಿಯಾಗುತ್ತಿದ್ದವು, ಅದರಲ್ಲಿ ಅತಿ ದೊಡ್ಡ ಕಾರಣ ಶುಚಿ ಮಾಡದೇ ಇರುವುದು, ಶೇಕಡಾ 34. ನಾನು ಈ ಅಂಕಿ ಓದಿದ್ದು ಕೆಲಸ ಎಲ್ಲ ಮುಗಿದ ಮೇಲೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು, ಯಾಕಂದ್ರೆ ಇದು ನಮ್ಮಂಥವರ ಮನೆಗೇ ಸಂಬಂಧಪಟ್ಟಿದ್ದು. ಬಾಣಂತಿ, ಮಗುವಿಗೆ ಎಣ್ಣೆ ಹಚ್ಚಿ ಒರೆಸಿದ ಬಟ್ಟೆ, ಎಣ್ಣೆ ಸ್ನಾನದ ಟವೆಲ್ಲು, ಅಡುಗೆಮನೆಯ ಮಸಿಬಟ್ಟೆ. ಇವನ್ನು ಒಗೆದರೂ ಹತ್ತಿಯಲ್ಲಿ ಎಣ್ಣೆ ಸ್ವಲ್ಪ ಉಳಿದೇ ಉಳಿಯುತ್ತೆ. ಡ್ರೈಯರಿನ ಬಿಸಿಯಲ್ಲಿ ಆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ತಾನೇ ಬಿಸಿ ಹುಟ್ಟಿಸುತ್ತೆ. ಬಿಸಿ ಬಟ್ಟೆಯನ್ನು ಗುಡ್ಡೆ ಹಾಕಿ ಬಿಟ್ಟರೆ ಆ ಬಿಸಿ ಹೊರಗೆ ಹೋಗೋಕೆ ದಾರಿ ಇಲ್ಲದೆ ಏರುತ್ತಾ ಹೋಗಿ, ಕಿಡಿ ಇಲ್ಲದೆಯೇ ಹೊತ್ತಿಕೊಳ್ಳಬಹುದು. ಡ್ರೈಯರುಗಳ ಕೈಪಿಡಿಯಲ್ಲಿ ಎಣ್ಣೆ ಬಟ್ಟೆ ಹಾಕಬೇಡಿ ಅಂತ ಬರೆದೇ ಇರುತ್ತಾರೆ. ಕೈಪಿಡಿ ಓದೋರು ಯಾರು? ಅತ್ತೆಗೆ ಹೇಳಿದಾಗ ಅವರು ಒಂದೇ ಮಾತಿಗೆ ಒಪ್ಪಿದರು. “ಹಾಗಾದ್ರೆ ಎಣ್ಣೆ ಬಟ್ಟೆ ಹಗ್ಗದ ಮೇಲೇ ಇರ್ಲಿ ಬಿಡಿ” ಅಂದು ಬೇಸ್‌ಮೆಂಟಿನ ಹಗ್ಗ ಬಿಚ್ಚಲು ಬಿಡಲೇ ಇಲ್ಲ. ಎಣ್ಣೆ ನೀರು ಮಾತ್ರ ನಿಲ್ಲಲಿಲ್ಲ.

ಸರಿ, ರೋಲರಿಗೆ ಬರೋಣ. ಹಿಂದಿನ ಗೋಡೆಯಲ್ಲಿ, ಗಡಿಯಾರದ ಎಂಟು ಗಂಟೆ ಮತ್ತು ನಾಲ್ಕು ಗಂಟೆಯ ಜಾಗದಲ್ಲಿ ಎರಡು ಚಕ್ರ ಕೂತಿರುತ್ತವೆ. ಎಡಗಡೆಯದನ್ನು ಬೆರಳಲ್ಲಿ ತಿರುಗಿಸಿದರೆ ಗರಗರ ಅಂತ ಎರಡು ಸುತ್ತು ಬಂದು ನಿಂತಿತು. ಹಿಡಿದು ಅಲ್ಲಾಡಿಸಿದರೆ ಸಡಿಲವಾದ ಹಾಲುಹಲ್ಲಿನ ಹಾಗೆ ಓಲಾಡಿತು. ರಬ್ಬರಿನಲ್ಲಿ ಬೆರಳ ಉಗುರಿನಷ್ಟು ತುಂಡು ಇರಲೇ ಇಲ್ಲ. ಬಲಗಡೆಯದ್ದು ಪರವಾಗಿಲ್ಲ ಅನ್ನೋ ಹಾಗಿತ್ತು, ಆದರೆ ಅದನ್ನೂ ತೆಗೆದೆ.

ಚಕ್ರದ ಮುಂದೆ ತ್ರಿಕೋನ ಆಕಾರದ ಒಂದು ಪ್ಲಾಸ್ಟಿಕ್ ಕ್ಲಿಪ್ಪು ಶಾಫ್ಟಿನ ಗೆರೆಯಲ್ಲಿ ಕಚ್ಚಿಕೊಂಡಿರುತ್ತೆ. ಸಣ್ಣ ಸ್ಕ್ರೂಡ್ರೈವರಲ್ಲಿ ಮೀಟಿದರೆ ಹಾರುತ್ತೆ, ಕಣ್ಣು ಜೋಪಾನ. ಹಳೇ ಕ್ಲಿಪ್ಪು ಮತ್ತೆ ಬಳಸಬೇಡಿ, ಹೊಸದು ಕಿಟ್‌ನಲ್ಲೇ ಇರುತ್ತೆ. ಚಕ್ರ ಎಳೆದು ತೆಗೆದ ಮೇಲೆ ಶಾಫ್ಟನ್ನು ಒಣ ಬಟ್ಟೆಯಲ್ಲಿ ಒರೆಸಿ, ಉಗುರಿನಿಂದ ಉದ್ದಕ್ಕೂ ಗೀರಿ ನೋಡಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಶಾಫ್ಟಿನಲ್ಲಿ ಗುಳಿ ಬಿದ್ದಿದೆ ಅಂತ. ಸಣ್ಣ ಒರಟು ಇದ್ದರೆ ನಯವಾದ ಎಮರಿ ಪೇಪರಲ್ಲಿ ಉಜ್ಜಿದರೆ ಹೋಗುತ್ತೆ. ಗುಳಿ ಆಳ ಇದ್ದರೆ ಶಾಫ್ಟನ್ನೇ ಬದಲಾಯಿಸಬೇಕು, ಇಲ್ಲದಿದ್ದರೆ ಹೊಸ ಚಕ್ರವನ್ನು ಆರು ತಿಂಗಳಲ್ಲಿ ತಿಂದುಹಾಕುತ್ತೆ. ಶಾಫ್ಟು ಹಿಂದಿನಿಂದ ನಟ್ಟಿನಲ್ಲಿ ಬಿಗಿದಿರುತ್ತೆ. ಕೆಲವು ಯಂತ್ರಗಳಲ್ಲಿ ಒಂದು ಬದಿಯ ಮರೆ ಉಲ್ಟಾ ಇರುತ್ತೆ, ಬಿಚ್ಚಲಿಲ್ಲ ಅಂತ ಜೋರು ಮಾಡಬೇಡಿ, ಇನ್ನೊಂದು ಕಡೆ ತಿರುಗಿಸಿ ನೋಡಿ. ನನ್ನ ಪುಣ್ಯ, ಎಮರಿ ಪೇಪರಲ್ಲೇ ಮುಗೀತು.

ಇಲ್ಲಿ ಎಣ್ಣೆ ಬಿಡಬೇಕಾ ಅನ್ನೋದು ಎಲ್ಲರ ಪ್ರಶ್ನೆ. ನಾನೂ ಕೈಯಲ್ಲಿ ಸ್ಪ್ರೇ ಡಬ್ಬಿ ಹಿಡಿದುಕೊಂಡೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪ ಬೈದರು. “ಗಿರಣೀಲಿ ಬೇರಿಂಗ್ ಮೇಲೆ ಎಣ್ಣೆ ಸುರಿದ್ರೆ ಏನಾಗ್ತಿತ್ತು, ಮರೆತೋಯ್ತಾ? ಹಿಟ್ಟು ಬಂದು ಅಂಟಿ ಮೇಣ ಆಗ್ತಿತ್ತು. ಅಲ್ಲಿ ಹಿಟ್ಟು, ಇಲ್ಲಿ ಹತ್ತಿ. ಅಷ್ಟೇ ವ್ಯತ್ಯಾಸ.” ಮಾತು ಸರಿ. ತುಕ್ಕು ಬಿಡಿಸೋ ಸ್ಪ್ರೇಗಳು ತೆಳು, ನಾಲ್ಕು ದಿನ ಸದ್ದು ಅಡಗಿಸಿ ಹಾರಿಹೋಗುತ್ತವೆ, ಉಳಿದ ಅಂಟು ಲಿಂಟನ್ನು ಹಿಡಿದುಕೊಳ್ಳುತ್ತೆ. ರಬ್ಬರಿಗೂ ಒಳ್ಳೆಯದಲ್ಲ. ಹೊಸ ರೋಲರಿನ ಜೊತೆ ಬಂದ ಚೀಟಿಯಲ್ಲಿ ಏನು ಹೇಳಿದ್ದಾರೋ ಅದನ್ನು ಮಾಡಿ. ಎಣ್ಣೆ ಹಾಕಿ ಅಂತ ಇದ್ದರೆ ಬಿಸಿ ತಡೆಯೋ ಎಣ್ಣೆ, ಅದೂ ಶಾಫ್ಟಿಗೆ ಒಂದೇ ತೊಟ್ಟು. ಏನೂ ಹೇಳಿಲ್ಲದಿದ್ದರೆ ಒಣಗಿದ್ದೇ ಹಾಕಿ.

ಹೊಸ ಚಕ್ರ ಹಾಕಿ, ಕ್ಲಿಪ್ಪು ಒತ್ತಿದ ಮೇಲೆ ಬೆರಳಲ್ಲಿ ತಿರುಗಿಸಿ. ಸದ್ದಿಲ್ಲದೆ ತಿರುಗಬೇಕು, ಹಿಂದೆ ಮುಂದೆ ಕೂದಲೆಳೆಯಷ್ಟು ಆಡಬೇಕು, ಅಕ್ಕಪಕ್ಕ ಓಲಬಾರದು. ಎರಡು ಚಕ್ರಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಇಷ್ಟಕ್ಕೆ ಆ ಯಂತ್ರವನ್ನು ಕಸಕ್ಕೆ ಹಾಕ್ತಾ ಇದ್ವಲ್ಲ ಅನ್ನಿಸಿತು.

ಕಷ್ಟ ಇದ್ದದ್ದು ವಾಪಸ್ ಜೋಡಿಸೋದರಲ್ಲಿ. ಬೆಲ್ಟು ತೆಗೆದ ಕೂಡಲೇ ಐಡ್ಲರ್ ತನ್ನಷ್ಟಕ್ಕೆ ಬಿದ್ದುಹೋಗಿತ್ತು, ಯಾಕಂದ್ರೆ ಅದನ್ನು ಜಾಗದಲ್ಲಿ ಹಿಡಿದಿದ್ದೇ ಬೆಲ್ಟಿನ ಬಿಗಿ. ಅದು ಮೊದಲು ಹೇಗೆ ನಿಂತಿತ್ತು? ನಾನು ತೆಗೆಯದೇ ಬಿಟ್ಟ ಫೋಟೋ ಅದೇ. ಬೆಲ್ಟಿಗೆ ಒಂದು ಮೈ ನಯ, ಒಂದು ಮೈ ಗೀರುಗೀರು. ಗೀರು ಇರೋ ಮೈ ಡ್ರಮ್ಮನ್ನು ಮುಟ್ಟಬೇಕು, ಅಷ್ಟು ಗೊತ್ತಿತ್ತು. ಕೆಳಗೆ ಹೇಗೆ ಹಾಯಿಸೋದು ಅನ್ನೋದರಲ್ಲಿ ತಪ್ಪಿದೆ. ಎಲ್ಲ ಜೋಡಿಸಿ, ಸ್ಕ್ರೂ ಬಿಗಿದು, ಪ್ಲಗ್ ಹಾಕಿ ಗುಂಡಿ ಒತ್ತಿದರೆ ಮೋಟಾರು ಗುಂಯ್ ಅಂದಿತು, ಡ್ರಮ್ಮು ಅಲ್ಲಾಡಲಿಲ್ಲ. ಮತ್ತೆ ಪ್ಲಗ್ ಕಿತ್ತು ಎಲ್ಲ ಬಿಚ್ಚಿದೆ. ರಾತ್ರಿ ಹನ್ನೊಂದೂವರೆ.

ಸರಿಯಾದ ದಾರಿ ಹೀಗೆ: ಬೆಲ್ಟಿನ ಸಡಿಲ ಭಾಗವನ್ನು ಒಂದು ಕುಣಿಕೆ ಮಾಡಿ ಐಡ್ಲರ್ ಚಕ್ರದ ಕೆಳಗಿನಿಂದ ತೂರಿಸಿ, ಆ ಕುಣಿಕೆಯನ್ನು ಮೋಟಾರಿನ ಪುಲ್ಲಿಗೆ ಸಿಕ್ಕಿಸಬೇಕು. ಐಡ್ಲರಿಗೆ ನಯವಾದ ಮೈ ತಾಗುತ್ತೆ, ಮೋಟಾರಿಗೆ ಗೀರಿನ ಮೈ. ಪಕ್ಕದಿಂದ ನೋಡಿದರೆ ಬೆಲ್ಟು ಮಡಚಿ ಬಂದ ಹಾಗೆ ಕಾಣುತ್ತೆ. ಸಿಕ್ಕಿಸಿದ ಮೇಲೆ ಕೈಬಿಟ್ಟರೆ ಸ್ಪ್ರಿಂಗು ತಾನೇ ಎಳೆದು ಬಿಗಿ ಮಾಡುತ್ತೆ. ಮುಂದಿನ ತಗಡು ಕೂರಿಸಿದ ಕೂಡಲೇ, ಸ್ಕ್ರೂ ಪೂರ್ತಿ ಬಿಗಿಯುವ ಮೊದಲು ಡ್ರಮ್ಮನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ. ಇದನ್ನು ಮೊದಲ ಸಲವೇ ಮಾಡಿದ್ದರೆ ನನಗೆ ಒಂದು ಗಂಟೆ ಉಳಿಯುತ್ತಿತ್ತು. ತಿರುಗಿಸುವಾಗ ಎಲ್ಲಾದರೂ ಬಿಗಿ ಅನ್ನಿಸಿದರೆ ಫೆಲ್ಟ್ ಪಟ್ಟಿ ಒಳಕ್ಕೆ ಮಡಚಿಕೊಂಡಿದೆ ಅಂತ. ಬೆರಳಲ್ಲಿ ಎಳೆದು ಸರಿ ಮಾಡಿ. ಹಾಗೇ ಬಿಟ್ಟರೆ ಒಂದೇ ವಾರದಲ್ಲಿ ಹರಿಯುತ್ತೆ.

ಯಂತ್ರ ಗೋಡೆಗೆ ತಳ್ಳುವ ಮೊದಲು ಹಿಂದಿನ ಗಾಳಿ ಕೊಳವೆಯನ್ನೂ ನೋಡಿಬಿಡಿ. ನಮ್ಮನೆಯಲ್ಲಿ ಹಳೇ ಮಾಲೀಕರು ಹಾಕಿದ್ದ ಬೆಳ್ಳಿ ಹಾಳೆಯಂಥ ಸುರುಳಿ ಕೊಳವೆ ಇತ್ತು. ಅದರ ಮಡಿಕೆ ಮಡಿಕೆಯಲ್ಲೂ ಲಿಂಟ್. ಅದನ್ನು ತೆಗೆದು 4 ಇಂಚಿನ ಗಟ್ಟಿ ತಗಡಿನ ಕೊಳವೆ ಹಾಕಿದೆ. ಇಲ್ಲಿನ ಕಟ್ಟಡ ನಿಯಮಾವಳಿಯಲ್ಲಿ ಈ ಕೊಳವೆ ಸಾಮಾನ್ಯವಾಗಿ 35 ಅಡಿ ಮೀರಬಾರದು, ಮಾಮೂಲಿ ಲಂಬ ತಿರುವು ಒಂದೊಂದಕ್ಕೂ ಅದರಲ್ಲಿ 5 ಅಡಿ ಕಳೀಬೇಕು ಅಂತ ಇದೆ. ಜೋಡಣೆಗೆ ಒಳಕ್ಕೆ ಚುಚ್ಚೋ ಉದ್ದನೆ ಸ್ಕ್ರೂ ಹಾಕಬೇಡಿ, ಅದರ ತುದಿಗೆ ಲಿಂಟ್ ನೇತಾಡಿಕೊಳ್ಳುತ್ತೆ. ಹೊರಗಡೆ ಗೋಡೆಯಲ್ಲಿ ಗಾಳಿ ಬಿಡೋ ಮುಚ್ಚಳ ಇರುತ್ತಲ್ಲ, ಯಂತ್ರ ಓಡುವಾಗ ಅದು ಪೂರ್ತಿ ತೆರೀಬೇಕು. ನಮ್ಮದು ಅರ್ಧವೂ ತೆರೀತಿರಲಿಲ್ಲ. ಕೊಳವೆ ಕಟ್ಟಿಕೊಂಡರೆ ಬಟ್ಟೆ ಒಣಗೋಕೆ ಎರಡು ಪಟ್ಟು ಹೊತ್ತು, ಅಷ್ಟೇ ಹೊತ್ತು ರೋಲರಿಗೂ ದುಡಿತ. ಕೊನೆಗೆ ಒಳಗಿನ ಥರ್ಮಲ್ ಫ್ಯೂಸು ಸುಟ್ಟು ಯಂತ್ರ ಕೈಕೊಡುತ್ತೆ. ಆ ಫ್ಯೂಸು ಒಂದೇ ಸಲಕ್ಕೆ, ಮತ್ತೆ ಹೊಂದಿಸೋಕೆ ಬರಲ್ಲ. ಫ್ಯೂಸು ಹೋಯ್ತು ಅಂತ ಹೊಸದು ಹಾಕಿ ಕೊಳವೆ ಹಾಗೇ ಬಿಟ್ಟರೆ ಮತ್ತೆ ಹೋಗುತ್ತೆ.

ಭಾರತದಲ್ಲಿರೋ ಕೇಳುಗರಿಗೆ ಒಂದು ಮಾತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈಗ ಕಾಣೋ ಡ್ರೈಯರುಗಳಲ್ಲಿ ಹೊರಗೆ ಗಾಳಿ ಬಿಡದ, ನೀರನ್ನು ಡಬ್ಬಿಯಲ್ಲಿ ಹಿಡಿಯೋ ಬಗೆಯೂ ಇದೆ. ಒಳಗಿನ ಜೋಡಣೆ ಬೇರೆ, ಬಿಚ್ಚೋ ಕ್ರಮ ಬೇರೆ. ನಾನು ಹೇಳಿದ್ದನ್ನು ಅದಕ್ಕೆ ಹಾಗೇ ಅನ್ವಯಿಸಬೇಡಿ. ಸದ್ದು ಕೇಳಿ ಗುರುತಿಸೋ ವಿದ್ಯೆ ಮಾತ್ರ ಅಲ್ಲೂ ಉಪಯೋಗಕ್ಕೆ ಬರುತ್ತೆ.

ಎರಡನೇ ಸಲ ಗುಂಡಿ ಒತ್ತಿದಾಗ ರಾತ್ರಿ ಹನ್ನೆರಡೂಮುಕ್ಕಾಲು. ಫ್ಯಾನಿನ ಗಾಳಿ ಸದ್ದು ಬಿಟ್ಟರೆ ಏನೂ ಇಲ್ಲ. ಓಡ್ತಾ ಇದೆಯೋ ಇಲ್ವೋ ಅಂತ ಮೈ ಮುಟ್ಟಿ ನೋಡಬೇಕಾಯ್ತು. ಊರಲ್ಲಿ ಆಗ ಬೆಳಗ್ಗೆ ಹನ್ನೊಂದು ಕಾಲು. ಅಪ್ಪನಿಗೆ ಫೋನ್ ಮಾಡಿ, ಏನೂ ಹೇಳದೆ ಡ್ರೈಯರಿನ ಮೇಲೆ ಇಟ್ಟೆ. ಒಂದು ನಿಮಿಷ ಕೇಳಿದರು.

“ಚಕ್ರ ಸರಿಯಾಗಿ ಕೂತಿದೆ. ಆದ್ರೆ ಇನ್ನೊಂದು ಸಣ್ಣ ಸದ್ದು ಬರ್ತಾ ಇದೆಯಲ್ಲೋ, ಟಿಕ್ ಟಿಕ್ ಅಂತ, ಕೇಳಿಸ್ತಾ?”

ಕಿವಿಗೊಟ್ಟೆ. ಹೌದು, ಟಿಕ್ ಟಿಕ್. ಎದೆ ಧಸಕ್ಕೆಂದಿತು. ನಿಲ್ಲಿಸಿ ಬಾಗಿಲು ತೆಗೆದೆ. ಒಳಗೆ ನನ್ನ ಪ್ಯಾಂಟು, ಅದರ ಜೇಬಲ್ಲಿ ಹಳೇ ರೋಲರಿನ ಕ್ಲಿಪ್ಪು ಮೀಟಿದ್ದ ಆ ಸಣ್ಣ ಸ್ಕ್ರೂಡ್ರೈವರು. ಪರೀಕ್ಷೆಗೆ ಅಂತ ಅವಸರದಲ್ಲಿ ಮೈಮೇಲಿದ್ದ ಕೊಳೆ ಪ್ಯಾಂಟನ್ನೇ ಬಿಚ್ಚಿ ಒಳಗೆ ಹಾಕಿದ್ದೆ.